ಬ್ಲ್ಯಾಕ್‌ಬರ್ಡ್ ಬೇರೆ, ಬ್ಲ್ಯಾಕ್ ಬರ್ಡ್ ಬೇರೆ: ಇಂಗ್ಲಿಷ್ ಜೋಡುಪದ ಒಡೆದು ಒತ್ತು ಗುರುತಿಸುವ ಬಗೆ

ಕಾಗೆಯನ್ನು ಇಂಗ್ಲೆಂಡಿನವರು ಬ್ಲ್ಯಾಕ್ ಬರ್ಡ್ ಎಂದರೆ ಒಪ್ಪುತ್ತಾರೆ, ಬ್ಲ್ಯಾಕ್‌ಬರ್ಡ್ ಎಂದರೆ ಒಪ್ಪುವುದಿಲ್ಲ. ಮೊದಲನೆಯದು ಯಾವುದೇ ಕಪ್ಪು ಹಕ್ಕಿ. ಎರಡನೆಯದು ಯುರೋಪಿನ ತೋಟಗಳಲ್ಲಿ ಇಂಪಾಗಿ ಹಾಡುವ ಒಂದು ಹಕ್ಕಿಯ ಹೆಸರು. ಅದರ ಹೆಣ್ಣು ಕಂದು ಬಣ್ಣದ್ದು, ಆದರೂ ಹೆಸರು ಬ್ಲ್ಯಾಕ್‌ಬರ್ಡೇ. ಬರಹದಲ್ಲಿ ಇವೆರಡನ್ನೂ ಬೇರೆ ಮಾಡುವುದು ನಡುವೆ ಬಿಟ್ಟ ಜಾಗ. ಮಾತಿನಲ್ಲಿ ಆ ಜಾಗ ಕಿವಿಗೆ ಬೀಳುವುದಿಲ್ಲ. ಅಲ್ಲಿ ಕೆಲಸ ಮಾಡುವುದು ಒತ್ತು. ಹಕ್ಕಿಯ ಹೆಸರಾದರೆ ‘ಬ್ಲ್ಯಾಕ್’ ಮೇಲೆ ಬಲ ಬೀಳುತ್ತದೆ, ಕಪ್ಪಗಿರುವ ಹಕ್ಕಿ ಎಂದಾದರೆ ‘ಬರ್ಡ್’ ಮೇಲೆ.

ಇಂಗ್ಲಿಷಿನವರು ಸ್ಟ್ರೆಸ್ ಎನ್ನುವ ಈ ಬಲವನ್ನು ಇಲ್ಲಿ ಒತ್ತು ಎಂದು ಕರೆಯುತ್ತೇನೆ. ಕಾಗುಣಿತದ ಒತ್ತಕ್ಷರಕ್ಕೂ ಇದಕ್ಕೂ ಸಂಬಂಧವಿಲ್ಲ. ಕನ್ನಡದಲ್ಲಿ ಯಾವ ಅಕ್ಷರವನ್ನು ಒತ್ತಿ ಹೇಳಿದರೂ ಪದದ ಅರ್ಥ ಬದಲಾಗುವುದಿಲ್ಲ. ಹಾಗಾಗಿ ನಮ್ಮ ಕಿವಿಗೆ ಒತ್ತನ್ನು ಹುಡುಕುವ ಅಭ್ಯಾಸವೇ ಇಲ್ಲ; ಇಂಗ್ಲಿಷ್ ಪದದ ಎಲ್ಲ ತುಂಡುಗಳನ್ನೂ ಸಮನಾಗಿ ನುಡಿದು ಮುಂದೆ ಹೋಗುತ್ತೇವೆ. ನಮ್ಮ ನಮ್ಮೊಳಗೆ ಇದರಿಂದ ತೊಂದರೆಯಿಲ್ಲ. ಆದರೆ ಬ್ರಿಟನ್ನಿನ ಆಸ್ಪತ್ರೆಗೆ ಕೆಲಸಕ್ಕೆ ಹೋಗುವ ನರ್ಸ್, ಅಮೆರಿಕದ ಗ್ರಾಹಕರ ಜೊತೆ ಫೋನಿನಲ್ಲಿ ಮಾತಾಡುವ ಹುಡುಗ, ಐಇಎಲ್‌ಟಿಎಸ್ ಪರೀಕ್ಷೆಗೆ ಕೂರುವ ವಿದ್ಯಾರ್ಥಿ, ಇವರಿಗೆಲ್ಲ ಒತ್ತು ಬೇಕೇ ಬೇಕು. ಆ ಪರೀಕ್ಷೆಯ ಮಾತಿನ ಭಾಗದಲ್ಲಿ ಅಂಕ ಕೊಡುವ ನಾಲ್ಕು ಅಂಶಗಳಲ್ಲಿ ಉಚ್ಚಾರಣೆಯೂ ಒಂದು.

ಒತ್ತು ಕಲಿಯಲು ಜೋಡುಪದಗಳಷ್ಟು ಒಳ್ಳೆಯ ಆರಂಭ ಇನ್ನೊಂದಿಲ್ಲ ಎಂಬುದು ನನ್ನ ನಂಬಿಕೆ. ಅವುಗಳ ನಿಯಮ ಸರಳ, ಅಪವಾದಗಳಿಗೂ ಒಂದು ತರ್ಕವಿದೆ, ಪದಗಳೆಲ್ಲ ನಮಗೆ ಆಗಲೇ ಗೊತ್ತಿರುವಂಥವು. ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಉಚ್ಚಾರಣೆ ತೋರಿಸುವ ಒಂದು ನಿಘಂಟು ಇಟ್ಟುಕೊಳ್ಳಿ. ಉದಾಹರಣೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ನಿಮ್ಮ ಪುಸ್ತಕದಲ್ಲಿ ಅವನ್ನು ಇಂಗ್ಲಿಷ್ ಅಕ್ಷರಗಳಲ್ಲೂ ಬರೆದುಕೊಳ್ಳಿ.

ಹಂತ 1: ಮೊದಲು ಬೆಸುಗೆ ಹುಡುಕಿ

ಪದವನ್ನು ಕಂಡ ಕೂಡಲೇ ಸ್ವರ ಎಣಿಸಲು ಹೋಗಬೇಡಿ. ಎರಡು ಪದ ಎಲ್ಲಿ ಸೇರಿವೆ ಎಂದು ನೋಡಿ, ಅಲ್ಲಿ ಒಂದು ಉದ್ದ ಗೆರೆ ಎಳೆಯಿರಿ: ಟೂತ್|ಬ್ರಶ್, ಕ್ಲಾಸ್|ರೂಮ್, ನ್ಯೂಸ್|ಪೇಪರ್. ಅನೇಕ ಪುಸ್ತಕಗಳು ಅಕ್ಷರಗಳ ನಿಯಮದಿಂದ ಶುರುಮಾಡುತ್ತವೆ. ಜೋಡುಪದಗಳ ಮಟ್ಟಿಗೆ ಅದು ತಲೆಕೆಳಗಾದ ಕ್ರಮ. ಬೆಸುಗೆ ಸಿಕ್ಕರೆ ಅರ್ಧ ಕೆಲಸ ತಾನಾಗಿಯೇ ಮುಗಿಯುತ್ತದೆ.

ಹೇಗೆಂದರೆ, ಇಂಗ್ಲಿಷಿನಲ್ಲಿ ಟಿ ಮತ್ತು ಎಚ್ ಪಕ್ಕಪಕ್ಕ ಬಂದರೆ ಸಾಮಾನ್ಯವಾಗಿ ‘ತ್’ ಎಂದು ಓದುತ್ತೇವೆ, ಪಿ ಮತ್ತು ಎಚ್ ಬಂದರೆ ‘ಫ್’ ಎಂದು. ಆದರೆ ಬೆಟ್ಟದ ತಪ್ಪಲಿಗೆ ಹೇಳುವ ಫುಟ್‌ಹಿಲ್ ಪದದಲ್ಲಿ ಟಿ ಮೊದಲ ಪದದ್ದು, ಎಚ್ ಎರಡನೆಯದ್ದು. ನಡುವೆ ಗೆರೆ ಬಿದ್ದರೆ ‘ಫೂತಿಲ್’ ಎಂದು ಓದುವ ಪ್ರಸಂಗವೇ ಬರುವುದಿಲ್ಲ. ಏರುಹಾದಿಯ ಅಪ್‌ಹಿಲ್ ಪದಕ್ಕೂ ಇದೇ ಮಾತು. ಇನ್ನೊಂದು ಲಾಭ, ಪದದ ಕೊನೆಯಲ್ಲಿ ಮೌನವಾಗಿರುವ ಇ ಅಕ್ಷರದ ವಿಷಯದಲ್ಲಿ. ಹೋಮ್‌ವರ್ಕ್, ಸಮ್‌ಥಿಂಗ್, ಬೇಸ್‌ಬಾಲ್ ಇವುಗಳ ನಡುವೆ ಆ ಇ ಕೂತಿರುತ್ತದೆ. ಬೆಸುಗೆ ಕಾಣದವರು ಅದನ್ನೂ ಉಚ್ಚರಿಸಿ ‘ಹೋಮೆವರ್ಕ್’ ಮಾಡುತ್ತಾರೆ. ಗೆರೆ ಎಳೆದವರಿಗೆ ಅದು ‘ಹೋಮ್’ ಪದದ ಬಾಲ ಎಂದು ತಕ್ಷಣ ತಿಳಿಯುತ್ತದೆ.

ಜೋಡುಪದ ಮೂರು ರೀತಿಯಲ್ಲಿ ಬರೆಯಲ್ಪಡುತ್ತದೆ: ಟೂತ್‌ಬ್ರಶ್‌ನಂತೆ ಕೂಡಿಸಿ, ಮದರ್-ಇನ್-ಲಾ ಹಾಗೆ ಅಡ್ಡಗೆರೆ ಹಾಕಿ, ಬಸ್ ಸ್ಟಾಪ್‌ನಂತೆ ಜಾಗ ಬಿಟ್ಟು. ಬರೆಯುವ ರೀತಿ ನೋಡಿ ಒತ್ತು ಎಲ್ಲಿದೆಯೆಂದು ತೀರ್ಮಾನಿಸಬೇಡಿ. ಬಸ್ ಸ್ಟಾಪ್ ನಡುವೆ ಜಾಗವಿದ್ದರೂ ಅದು ಟೂತ್‌ಬ್ರಶ್‌ನಂತೆಯೇ ನಡೆಯುವ ಜೋಡುಪದ.

ಜೋಡಿಯಂತೆ ಕಂಡು ಮೋಸ ಮಾಡುವ ಪದಗಳೂ ಇವೆ. ಕಾರ್ಪೆಟ್‌ನಲ್ಲಿ ಕಾರೂ ಇಲ್ಲ, ಪೆಟ್ಟೂ ಇಲ್ಲ. ಮಶ್ರೂಮ್‌ನಲ್ಲಿ ರೂಮ್ ಇಲ್ಲ. ಎರಡು ಭಾಗಗಳ ಅರ್ಥವೂ ಇಡೀ ಪದದ ಅರ್ಥಕ್ಕೆ ಸೇರುತ್ತದೆಯೇ ಎಂದು ಕೇಳಿಕೊಳ್ಳಿ. ಸೇರದಿದ್ದರೆ ಬಹುಮಟ್ಟಿಗೆ ಅದು ಒಂದೇ ಪದ.

ಹಂತ 2: ಸಿಲಬಲ್ ಎಣಿಸಿ, ಕಣ್ಣಿನಿಂದಲ್ಲ ಕಿವಿಯಿಂದ

ಒಂದು ಸ್ವರದ ಸುತ್ತ ಒಂದೇ ಉಸಿರಿಗೆ ಹೊರಬೀಳುವ ತುಂಡೇ ಸಿಲಬಲ್. ಪಠ್ಯಪುಸ್ತಕಗಳಲ್ಲಿ ಉಚ್ಚಾರಾಂಶ ಎಂಬ ಹೆಸರೂ ಸಿಗುತ್ತದೆ. ಎಣಿಸಬೇಕಾದದ್ದು ಸ್ವರದ ಧ್ವನಿಯನ್ನು, ಸ್ವರಾಕ್ಷರಗಳನ್ನಲ್ಲ. ಹೌಸ್‌ಬೋಟ್ ಪದವನ್ನು ಇಂಗ್ಲಿಷಿನಲ್ಲಿ ಬರೆದರೆ ಐದು ಸ್ವರಾಕ್ಷರಗಳು ಕಾಣುತ್ತವೆ. ಕೇಳಿಸುವುದು ಎರಡೇ ಸಿಲಬಲ್. ಕೈಯನ್ನು ಗದ್ದದ ಕೆಳಗೆ ತಾಗಿಸಿಟ್ಟು ನಿಧಾನವಾಗಿ ಹೇಳಿ ನೋಡಿ, ಗದ್ದ ಎರಡು ಸಲ ಕೆಳಗಿಳಿಯುತ್ತದೆ. ಶಾಲೆಗಳಲ್ಲಿ ಮಕ್ಕಳಿಗೆ ಚಪ್ಪಾಳೆ ತಟ್ಟಿಸಿ ಹೇಳಿಕೊಡುವುದೂ ಇದನ್ನೇ.

ಆದರೆ ಕನ್ನಡಿಗರ ಕೈಯಲ್ಲಿ ಇದಕ್ಕಿಂತ ಒಳ್ಳೆಯ ಸಾಧನವಿದೆ, ಅದು ನಮ್ಮ ಲಿಪಿ. ಇಂಗ್ಲಿಷ್ ಪದವನ್ನು ಕಿವಿಗೆ ಕೇಳಿಸುವಂತೆಯೇ ಕನ್ನಡದಲ್ಲಿ ಬರೆಯಿರಿ. ಅರ್ಧಾಕ್ಷರಗಳನ್ನು ಬಿಟ್ಟು, ಸ್ವರ ಕೂಡಿದ ಅಕ್ಷರಗಳನ್ನಷ್ಟೇ ಎಣಿಸಿ. ಹೌಸ್‌ಬೋಟ್: ‘ಹೌ’, ‘ಬೋ’, ಎರಡು. ನ್ಯೂಸ್‌ಪೇಪರ್: ‘ನ್ಯೂ’, ‘ಪೇ’, ‘ಪ’, ಮೂರು. ವಾಟರ್‌ಮೆಲನ್: ‘ವಾ’, ‘ಟ’, ‘ಮೆ’, ‘ಲ’, ನಾಲ್ಕು. ಹೈಸ್ಕೂಲಿನಲ್ಲಿ ಛಂದಸ್ಸಿನ ಪಾಠದಲ್ಲಿ ಪ್ರಸ್ತಾರ ಹಾಕಿದ್ದು ನೆನಪಿರಬೇಕಲ್ಲ? ಪದದ ಕೊನೆಯ ಅರ್ಧಾಕ್ಷರವನ್ನು ಅಲ್ಲಿ ಬೇರೆಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹಿಂದಿನ ಅಕ್ಷರಕ್ಕೆ ಸೇರಿಸಿ ಅದನ್ನು ಗುರು ಮಾಡುತ್ತೇವೆ. ಇಲ್ಲಿಯೂ ಹಾಗೆಯೇ, ‘ಪೇ’ ಜೊತೆ ಬಂದ ‘ಪರ್’ನಲ್ಲಿ ಕೊನೆಯ ‘ರ್’ ಹಿಂದಿನ ‘ಪ’ಕ್ಕೆ ಸೇರುತ್ತದೆ. ಇಂಗ್ಲಿಷ್ ಕಾಗುಣಿತ ಮುಚ್ಚಿಡುವುದನ್ನು ಕನ್ನಡ ಲಿಪಿ ಬಿಚ್ಚಿ ತೋರಿಸುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಈ ಪಾಠದಲ್ಲಿ ಹಿಂದೆ ಬೀಳಲು ಕಾರಣವೇ ಇಲ್ಲ.

ಒಂದು ಷರತ್ತು ಮಾತ್ರ ಇದೆ: ಬರೆಯುವುದು ಸರಿಯಿರಬೇಕು. ನಮ್ಮ ನಾಲಿಗೆಗೆ ಪದವನ್ನು ಅರ್ಧಾಕ್ಷರದಲ್ಲಿ ನಿಲ್ಲಿಸಲು ಇಷ್ಟವಿಲ್ಲ. ಬಸ್ ನಮಗೆ ಬಸ್ಸು, ಕಾರ್ ನಮಗೆ ಕಾರು, ಸ್ಕೂಲ್ ಹಳ್ಳಿಗಳಲ್ಲಿ ಇಸ್ಕೂಲು. ಕನ್ನಡ ವಾಕ್ಯದೊಳಗೆ ಅದೇ ಚೆಂದ, ಅದೇ ಸರಿ. ಇಂಗ್ಲಿಷ್ ಮಾತಾಡುವಾಗ ‘ಫುಟ್ಬಾಲು’ ಎಂದರೆ ಎರಡಿರಬೇಕಾದ ಸಿಲಬಲ್ ಮೂರಾಗುತ್ತದೆ, ಒತ್ತಿನ ಲೆಕ್ಕವೂ ಕೆಡುತ್ತದೆ. ಫಿಲ್ಮ್ ಎಂಬುದು ಒಂದೇ ಸಿಲಬಲ್. ನಾವು ‘ಫಿಲಂ’ ಎಂದು ಎರಡು ಮಾಡುತ್ತೇವೆ. ಪದದ ಕೊನೆಗೆ ಉ ಸೇರಿತೇ ಎಂದು ಪ್ರತಿ ಸಲವೂ ಪರೀಕ್ಷಿಸಿಕೊಳ್ಳಿ.

ಟೇಬಲ್, ಬಟನ್ ಥರದ ಪದಗಳ ಕೊನೆಯಲ್ಲಿ ಇಂಗ್ಲಿಷಿನವರು ಸ್ವರವನ್ನು ಬಹುತೇಕ ನುಂಗಿಬಿಡುತ್ತಾರೆ, ‘ಲ್’, ‘ನ್’ಗಳೇ ಸ್ವರದ ಕೆಲಸ ಮಾಡುತ್ತವೆ. ಆದರೂ ಅದು ಒಂದು ಪೂರ್ತಿ ಸಿಲಬಲ್. ಟೇಬಲ್‌ಕ್ಲಾತ್‌ನಲ್ಲಿ ಮೂರು ಸಿಲಬಲ್ ಇವೆ.

ಹಂತ 3: ಭಾಗದ ಒಳಗೆ ಒಡೆಯಿರಿ

ಬೆಸುಗೆಯ ಎರಡೂ ಬದಿ ಒಂದೊಂದೇ ಸಿಲಬಲ್ ಇದ್ದರೆ ಇಲ್ಲಿ ಮಾಡಲು ಏನೂ ಇಲ್ಲ. ಹೆಚ್ಚಿದ್ದರೆ ಮಾತ್ರ ಸಣ್ಣ ಅಡ್ಡಗೆರೆ ಹಾಕಿ. ಎರಡು ಸ್ವರಗಳ ನಡುವೆ ಎರಡು ವ್ಯಂಜನ ಇದ್ದರೆ ಸಾಮಾನ್ಯವಾಗಿ ನಡುವೆ ಒಡೆಯಿರಿ: ಬಾಸ್-ಕೆಟ್|ಬಾಲ್. ಒಂದೇ ವ್ಯಂಜನವಿದ್ದು ಹಿಂದಿನ ಸ್ವರ ದೀರ್ಘವಾದರೆ ವ್ಯಂಜನ ಮುಂದಕ್ಕೆ ಹೋಗುತ್ತದೆ: ನ್ಯೂಸ್|ಪೇ-ಪರ್. ಗ್ರ್ಯಾಂಡ್‌ಮದರ್ ಒಡೆಯುವಾಗ ಟಿ ಮತ್ತು ಎಚ್ ಸೇರಿ ಒಂದೇ ಧ್ವನಿಯಾಗಿರುವುದರಿಂದ ಅವನ್ನು ಸೀಳಬಾರದು. ಫುಟ್‌ಹಿಲ್‌ನಲ್ಲಿ ಸೀಳಿದೆವು, ಏಕೆಂದರೆ ಅಲ್ಲಿ ಬೆಸುಗೆ ಇತ್ತು.

ಗೆರೆ ಒಂದು ಅಕ್ಷರ ಆಚೆಯೋ ಈಚೆಯೋ ಎಂದು ತಲೆ ಕೆಡಿಸಿಕೊಳ್ಳಬೇಡಿ. ನಿಘಂಟುಗಳೇ ಇದರಲ್ಲಿ ಒಂದಾಗಿಲ್ಲ. ಅಮೆರಿಕದ ನಿಘಂಟುಗಳು ಪದದ ನಡುವೆ ಇಡುವ ಚುಕ್ಕೆಗಳು ಮುದ್ರಣದಲ್ಲಿ ಸಾಲಿನ ಕೊನೆಗೆ ಪದ ಎಲ್ಲಿ ತುಂಡಾಗಬಹುದು ಎಂದು ತೋರಿಸುತ್ತವೆ, ಅವು ಉಚ್ಚಾರಣೆಯ ಗುರುತುಗಳಲ್ಲ. ಸಿಲಬಲ್‌ಗಳ ಸಂಖ್ಯೆ ಸರಿಯಿದ್ದರೆ ಮುಂದೆ ಹೋಗಿ.

ಹಂತ 4: ಗುರುತು ಹಾಕುವುದು ಕಲಿಯಿರಿ

1886ರಲ್ಲಿ ಪ್ಯಾರಿಸ್‌ನಲ್ಲಿ ಸ್ಥಾಪನೆಯಾದ ಅಂತಾರಾಷ್ಟ್ರೀಯ ಧ್ವನಿ ಸಂಘದ ಲಿಪಿಯನ್ನು ಇಂದು ಬ್ರಿಟನ್ನಿನ ನಿಘಂಟುಗಳು ಬಳಸುತ್ತವೆ. ಡೇನಿಯಲ್ ಜೋನ್ಸ್ 1917ರಲ್ಲಿ ಹೊರತಂದ ಇಂಗ್ಲಿಷ್ ಉಚ್ಚಾರಣಾ ನಿಘಂಟು, ಜಾನ್ ವೆಲ್ಸ್ ಅವರ 1990ರ ಲಾಂಗ್‌ಮನ್ ಉಚ್ಚಾರಣಾ ನಿಘಂಟು ಈ ಕ್ಷೇತ್ರದ ದೊಡ್ಡ ಹೆಸರುಗಳು. ಅವುಗಳ ಪದ್ಧತಿಯಲ್ಲಿ ಮುಖ್ಯ ಒತ್ತಿಗೆ ಮೇಲ್ಗಡೆ ಒಂದು ಪುಟ್ಟ ನೆಟ್ಟನೆಯ ಗೆರೆ (ˈ), ಎರಡನೆಯ ದರ್ಜೆಯ ಒತ್ತಿಗೆ ಕೆಳಗಡೆ ಅಂಥದೇ ಗೆರೆ (ˌ). ಎರಡನ್ನೂ ಹಾಕುವುದು ಒತ್ತು ಬೀಳುವ ಸಿಲಬಲ್‌ಗಿಂತ ಮೊದಲು. ಹೊಸಬರು ಇದನ್ನು ಸಿಲಬಲ್‌ನ ನಂತರ ಹಾಕಿ ಎಡವುತ್ತಾರೆ. ‘ಇಗೋ, ಮುಂದಿನದನ್ನು ಒತ್ತು’ ಎಂದು ಗೆರೆ ಹೇಳುತ್ತಿದೆ ಎಂದುಕೊಳ್ಳಿ.

ಪ್ರಸ್ತಾರದ ಗುರುತುಗಳನ್ನು ಇಲ್ಲಿ ತರಬೇಡಿ. ಎಣಿಕೆಗೆ ಪ್ರಸ್ತಾರದ ಬುದ್ಧಿ ಸಾಕು, ಒತ್ತಿಗೆ ಅದು ಸಾಲದು. ಗುರು ಎಂದರೆ ಎರಡು ಮಾತ್ರೆಯ ಕಾಲ. ‘ಪೇಪರ್’ಗೆ ಪ್ರಸ್ತಾರ ಹಾಕಿದರೆ ಎರಡೂ ಗುರು. ಇಂಗ್ಲಿಷ್ ಕಿವಿಗೆ ಅಲ್ಲಿ ಒತ್ತು ಇರುವುದು ‘ಪೇ’ ಮೇಲೆ ಮಾತ್ರ. ಒತ್ತು ಬಿದ್ದ ಸಿಲಬಲ್ ಸ್ವಲ್ಪ ಜೋರಾಗಿ, ಸ್ವಲ್ಪ ಉದ್ದವಾಗಿ ಕೇಳುತ್ತದೆ, ದನಿಯ ಶ್ರುತಿ ಅಲ್ಲಿ ಬದಲಾಗುತ್ತದೆ, ಅದರ ಸ್ವರ ಸ್ಪಷ್ಟವಾಗಿರುತ್ತದೆ. ಒತ್ತಿಲ್ಲದ ಸಿಲಬಲ್‌ನ ಸ್ವರ ಕುಗ್ಗಿ, ಅಸ್ಪಷ್ಟವಾದ ‘ಅ’ದಂತೆ ಆಗುತ್ತದೆ. ಜೋರು ಮಾಡುವುದಕ್ಕಿಂತ ಈ ಕುಗ್ಗಿಸುವುದೇ ನಮಗೆ ಕಷ್ಟ. ಅಭ್ಯಾಸ ಮಾಡುವಾಗ ಒತ್ತಬೇಕಾದದ್ದಕ್ಕಿಂತ ಒತ್ತಬಾರದ್ದರ ಕಡೆ ಹೆಚ್ಚು ಗಮನ ಕೊಡಿ.

ಹಂತ 5: ನಾಮಪದವಾದರೆ ಮೊದಲ ಭಾಗಕ್ಕೆ ಒತ್ತು

ಇಡೀ ಪಾಠದ ಕೇಂದ್ರ ಇದು. ಎರಡು ಪದ ಸೇರಿ ಒಂದು ವಸ್ತುವಿನ ಹೆಸರಾದಾಗ ಬಹುತೇಕ ಸಲ ಮುಖ್ಯ ಒತ್ತು ಮೊದಲ ಭಾಗದ ಮೇಲೆ ಬೀಳುತ್ತದೆ: ˈಏರ್|ಪೋರ್ಟ್, ˈಬ್ಲ್ಯಾಕ್|ಬೋರ್ಡ್, ˈಬಸ್|ಸ್ಟಾಪ್, ˈನ್ಯೂಸ್|ಪೇ-ಪರ್, ˈಪೋಸ್ಟ್|ಆ-ಫೀಸ್.

ಮೊದಲ ಭಾಗದಲ್ಲಿ ಒಂದಕ್ಕಿಂತ ಹೆಚ್ಚು ಸಿಲಬಲ್ ಇದ್ದರೆ? ಆ ಪದ ಒಂಟಿಯಾಗಿದ್ದಾಗ ಒತ್ತು ಎಲ್ಲಿತ್ತೋ ಅಲ್ಲೇ ಉಳಿಯುತ್ತದೆ. ಪೊಲೀಸ್ ಪದದ ಒತ್ತು ಎರಡನೆಯ ಸಿಲಬಲ್ ಮೇಲೆ, ಆದ್ದರಿಂದ ಪೊ-ˈಲೀಸ್|ಮನ್, ಪೊ-ˈಲೀಸ್|ಸ್ಟೇ-ಶನ್. ಹೋಟೆಲ್ ರೂಮ್‌ನಲ್ಲಿ ‘ಟೆಲ್’ ಮೇಲೆ. ರೈಲ್ವೆ ಸ್ಟೇಷನ್‌ನಲ್ಲಿ ˈರೈಲ್. ವಾಷಿಂಗ್ ಮಷೀನ್ ತೆಗೆದುಕೊಳ್ಳಿ: ಬೆಸುಗೆಯ ಎರಡೂ ಕಡೆ ಎರಡೆರಡು ಸಿಲಬಲ್, ಒಟ್ಟು ನಾಲ್ಕು. ಮಷೀನ್ ಒಂಟಿಯಾಗಿದ್ದಾಗ ಅದರ ‘ಶೀನ್’ ಮೇಲಿನ ಒತ್ತೇ ಮುಖ್ಯ. ಜೋಡಿಯಾದಾಗ ಅದು ಎರಡನೆಯ ದರ್ಜೆಗೆ ಇಳಿಯುತ್ತದೆ: ˈವಾ-ಶಿಂಗ್|ಮ-ˌಶೀನ್. ವಾಟರ್‌ಮೆಲನ್ ಸಹ ಹೀಗೆಯೇ: ˈವಾ-ಟರ್|ˌಮೆ-ಲನ್.

ಈ ನಿಯಮದ ಬಲ ಗೊತ್ತಾಗುವುದು ಜೋಡಿಗಳನ್ನು ಪಕ್ಕಪಕ್ಕ ಇಟ್ಟಾಗ. ˈಗ್ರೀನ್‌ಹೌಸ್ ಎಂದರೆ ಗಿಡ ಬೆಳೆಸುವ ಗಾಜಿನ ಮನೆ, ಗ್ರೀನ್ ˈಹೌಸ್ ಎಂದರೆ ಹಸಿರು ಬಣ್ಣ ಬಳಿದ ಮನೆ. ಅಮೆರಿಕದ ಅಧ್ಯಕ್ಷರು ಇರುವುದು ˈವೈಟ್ ಹೌಸ್‌ನಲ್ಲಿ. ಸುಣ್ಣ ಹೊಡೆದ ಯಾರದೋ ಮನೆ ವೈಟ್ ˈಹೌಸ್. ˈಇಂಗ್ಲಿಷ್ ಟೀಚರ್ ಇಂಗ್ಲಿಷ್ ಕಲಿಸುವವರು, ಇಂಗ್ಲಿಷ್ ˈಟೀಚರ್ ಇಂಗ್ಲೆಂಡ್ ದೇಶದ ಶಿಕ್ಷಕರು. ಹಾಸನದ ಮೇಷ್ಟ್ರೊಬ್ಬರು ಲಂಡನ್ನಿನಲ್ಲಿ ತಾವು ಇಂಗ್ಲಿಷ್ ˈಟೀಚರ್ ಎಂದು ಒತ್ತು ಬದಲಿಸಿ ಹೇಳಿದರೆ ಕೇಳಿದವರು ಗೊಂದಲಕ್ಕೆ ಬೀಳುವುದು ಸಹಜ.

‘ಇಂಗ್’ನಿಂದ ಕೊನೆಯಾಗುವ ಪದ ಮೊದಲು ಬಂದಾಗ ಕನ್ನಡದಲ್ಲಿ ಒಂದು ಸುಲಭ ಪರೀಕ್ಷೆ ಮಾಡಿ. ‘ಮಲಗಲು ಇರುವ ಚೀಲ’ ಎಂದು ಅರ್ಥ ಬಂದರೆ ಮೊದಲ ಭಾಗಕ್ಕೆ ಒತ್ತು: ˈಸ್ಲೀಪಿಂಗ್ ಬ್ಯಾಗ್. ‘ಮಲಗಿರುವ ಮಗು’ ಎಂದು ಅರ್ಥ ಬಂದರೆ ಎರಡನೆಯದಕ್ಕೆ: ಸ್ಲೀಪಿಂಗ್ ˈಚೈಲ್ಡ್. ˈಸ್ವಿಮ್ಮಿಂಗ್ ಪೂಲ್, ˈವೇಟಿಂಗ್ ರೂಮ್, ˈಡ್ರೈವಿಂಗ್ ಲೈಸೆನ್ಸ್ ಎಲ್ಲವೂ ಮೊದಲ ಗುಂಪಿನವು.

ಹಂತ 6: ಅಪವಾದಗಳನ್ನು ಗುಂಪಾಗಿ ಹಿಡಿಯಿರಿ

ಮೊದಲ ಭಾಗ ಎರಡನೆಯದು ಯಾವುದರಿಂದ ಮಾಡಿದ್ದು ಎಂದು ಹೇಳುತ್ತಿದ್ದರೆ ಒತ್ತು ಸಾಮಾನ್ಯವಾಗಿ ಎರಡನೆಯದಕ್ಕೆ ಹೋಗುತ್ತದೆ. ಕಲ್ಲಿನ ಗೋಡೆ ಸ್ಟೋನ್ ˈವಾಲ್, ಕಾಗದದ ಚೀಲ ಪೇಪರ್ ˈಬ್ಯಾಗ್, ಸೇಬಿನ ಪೈ ಆ್ಯಪಲ್ ˈಪೈ. ಆದರೆ ಜ್ಯೂಸ್ ಮತ್ತು ಕೇಕ್ ಈ ಗುಂಪಿನಿಂದ ಹೊರಗೆ: ˈಆರೆಂಜ್ ಜ್ಯೂಸ್, ˈಚಾಕೊಲೇಟ್ ಕೇಕ್. ಇದಕ್ಕೆ ಕಾರಣ ಕೇಳದೆ ನೆನಪಿಟ್ಟುಕೊಳ್ಳುವುದೇ ದಾರಿ.

ನನಗೆ ಅತ್ಯಂತ ಇಷ್ಟವಾದ ಗುಂಪು ಬೀದಿಗಳದ್ದು. ಇಂಗ್ಲಿಷಿನಲ್ಲಿ ಸ್ಟ್ರೀಟ್ ಎಂದು ಮುಗಿಯುವ ಹೆಸರಿಗೆ ಒತ್ತು ಮೊದಲ ಭಾಗದ ಮೇಲೆ. ರೋಡ್, ಅವೆನ್ಯೂ, ಲೇನ್ ಎಂದು ಮುಗಿದರೆ ಒತ್ತು ಆ ಕೊನೆಯ ಪದದ ಮೇಲೆ. ಲಂಡನ್ನಿನಲ್ಲಿ ˈಆಕ್ಸ್‌ಫರ್ಡ್ ಸ್ಟ್ರೀಟ್, ಆದರೆ ಆ್ಯಬಿ ˈರೋಡ್. ಬೆಂಗಳೂರಿನವರಿಗೆ ಅಭ್ಯಾಸಕ್ಕೆ ಊರೇ ಸಾಕು: ˈಚರ್ಚ್ ಸ್ಟ್ರೀಟ್, ಕ-ˈಮರ್-ಶಲ್ ಸ್ಟ್ರೀಟ್ ಒಂದು ಕಡೆ, ಬ್ರಿಗೇಡ್ ˈರೋಡ್, ರೆಸಿಡೆನ್ಸಿ ˈರೋಡ್, ಎಂ.ಜಿ. ˈರೋಡ್ ಇನ್ನೊಂದು ಕಡೆ. ಚರ್ಚ್ ಸ್ಟ್ರೀಟಿನಿಂದ ಬ್ರಿಗೇಡ್ ರೋಡಿಗೆ ತಿರುಗುವಾಗ ಒತ್ತೂ ತಿರುಗುತ್ತದೆ.

ಗುಣವಾಚಕವಾಗಿ ಬರುವ ಜೋಡುಪದಗಳಲ್ಲಿ ಹಲವು ಎರಡನೆಯ ಭಾಗವನ್ನು ಒತ್ತುತ್ತವೆ: ˌಗುಡ್-ˈಲುಕಿಂಗ್, ˌಓಲ್ಡ್-ˈಫ್ಯಾಶನ್ಡ್. ಇವುಗಳ ಮುಂದೆ ಒತ್ತುಳ್ಳ ನಾಮಪದ ಬಂದರೆ ಒತ್ತು ಹಿಂದಕ್ಕೆ ಸರಿಯುವುದುಂಟು, ಆರಂಭದಲ್ಲಿ ಅದರ ಗೊಡವೆ ಬೇಡ.

ಕ್ರಿಯಾಪದಗಳ ಕಡೆ ಮಾತ್ರ ಗಮನವಿಡಿ. ಸೆಟ್ ˈಅಪ್, ಟೇಕ್ ˈಆಫ್, ಚೆಕ್ ˈಔಟ್ ಎಂದು ಕ್ರಿಯೆ ಹೇಳುವಾಗ ಒತ್ತು ಎರಡನೆಯದಕ್ಕೆ. ಅವೇ ನಾಮಪದವಾದಾಗ ˈಸೆಟಪ್, ˈಟೇಕಾಫ್, ˈಚೆಕೌಟ್. ಅಂಡರ್‌ಸ್ಟ್ಯಾಂಡ್, ಓವರ್‌ಕಮ್ ಕ್ರಿಯಾಪದಗಳಾದ್ದರಿಂದ ಅಂ-ಡರ್|ˈಸ್ಟ್ಯಾಂಡ್, ಓ-ವರ್|ˈಕಮ್. ಓವರ್‌ಕೋಟ್ ಬಟ್ಟೆಯ ಹೆಸರಾದ್ದರಿಂದ ˈಓ-ವರ್|ಕೋಟ್.

ಕೆಲವು ಪದಗಳಲ್ಲಿ ದೇಶದಿಂದ ದೇಶಕ್ಕೆ ವ್ಯತ್ಯಾಸವಿದೆ. ವೀಕೆಂಡ್ ಪದವನ್ನು ಬ್ರಿಟನ್ನಿನಲ್ಲಿ ಹೆಚ್ಚಾಗಿ ವೀಕ್-ˈಎಂಡ್ ಎನ್ನುತ್ತಾರೆ, ಅಮೆರಿಕದಲ್ಲಿ ˈವೀಕ್-ಎಂಡ್. ಐಸ್‌ಕ್ರೀಮ್ ಸಹ ಎರಡೂ ರೀತಿ ಕೇಳಿಸುತ್ತದೆ. ಒಂದನ್ನು ಆರಿಸಿಕೊಂಡು ಅದಕ್ಕೇ ಅಂಟಿಕೊಳ್ಳಿ.

ಹಂತ 7: ಬೆಸುಗೆ ಸವೆದ ಪದಗಳನ್ನು ಬಾಯಿಪಾಠ ಮಾಡಿ

ನೂರಾರು ವರ್ಷ ಬಳಸಿ ಬಳಸಿ ಕೆಲವು ಜೋಡುಪದಗಳ ಬೆಸುಗೆ ಮಾಯವಾಗಿದೆ. ಕಪ್ ಮತ್ತು ಬೋರ್ಡ್ ಸೇರಿದ ಪದವನ್ನು ಇಂಗ್ಲಿಷಿನವರು ˈಕ-ಬರ್ಡ್ ಎನ್ನುತ್ತಾರೆ. ‘ಪ್’ ಬಿದ್ದುಹೋಗಿದೆ, ‘ಬೋರ್ಡ್’ ಕುಗ್ಗಿದೆ. ಬ್ರೇಕ್ ಮತ್ತು ಫಾಸ್ಟ್ ಸೇರಿ ˈಬ್ರೆಕ್-ಫಸ್ಟ್. ಪೋಸ್ಟ್‌ಮನ್, ಪೊಲೀಸ್‌ಮನ್‌ಗಳ ‘ಮ್ಯಾನ್’ ಬಾಯಿ ತೆರೆದು ಹೇಳುವ ಮ್ಯಾನ್ ಅಲ್ಲ, ಕುಗ್ಗಿದ ‘ಮನ್’. ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳ ಕೊನೆಯ ತುಂಡೂ ಹಾಗೆಯೇ ‘ಲಂಡ್’ ಆಗುತ್ತದೆ. ಇವುಗಳ ಸಂಖ್ಯೆ ಹೆಚ್ಚಿಲ್ಲ. ಸಿಕ್ಕಾಗ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಟ್ಟುಕೊಳ್ಳಿ.

ಈಗ ನಿಮ್ಮ ಸರದಿ

ಈ ಎಂಟು ಪದಗಳನ್ನು ಬೆಸುಗೆ, ಸಿಲಬಲ್, ಒತ್ತು ಈ ಕ್ರಮದಲ್ಲೇ ಬಿಡಿಸಿ: ಕ್ಲಾಸ್‌ರೂಮ್, ಬಾಸ್ಕೆಟ್‌ಬಾಲ್, ಗ್ರ್ಯಾಂಡ್‌ಫಾದರ್, ಟ್ಯಾಕ್ಸಿ ಡ್ರೈವರ್, ಪೇಪರ್ ಬ್ಯಾಗ್, ಕಂಪ್ಯೂಟರ್ ಗೇಮ್, ಬ್ರಿಗೇಡ್ ರೋಡ್, ಅಂಡರ್‌ಸ್ಟ್ಯಾಂಡ್. ಕೆಳಗಿನ ಸಾಲನ್ನು ಕೈಯಿಂದ ಮುಚ್ಚಿಕೊಳ್ಳಿ.

ಉತ್ತರ: ˈಕ್ಲಾಸ್|ರೂಮ್ (2). ˈಬಾಸ್-ಕೆಟ್|ಬಾಲ್ (3). ˈಗ್ರ್ಯಾಂಡ್|ಫಾ-ದರ್ (3). ˈಟ್ಯಾಕ್-ಸಿ|ಡ್ರೈ-ವರ್ (4). ಪೇ-ಪರ್|ˈಬ್ಯಾಗ್ (3). ಕಂ-ˈಪ್ಯೂ-ಟರ್|ಗೇಮ್ (4). ಬ್ರಿ-ಗೇಡ್|ˈರೋಡ್ (3). ಅಂ-ಡರ್|ˈಸ್ಟ್ಯಾಂಡ್ (3).

ಆರು ಸರಿಯಾದರೆ ನಿಮಗೆ ವಿಷಯ ಹಿಡಿಸಿದೆ ಎಂದರ್ಥ. ಪೇಪರ್ ಬ್ಯಾಗ್ ಅಥವಾ ಬ್ರಿಗೇಡ್ ರೋಡ್ ತಪ್ಪಿದ್ದರೆ ಆರನೆಯ ಹಂತ ಮತ್ತೆ ಓದಿ. ಎಣಿಕೆಯೇ ತಪ್ಪಿದ್ದರೆ ಪದವನ್ನು ಕನ್ನಡದಲ್ಲಿ ಬರೆದು ಅರ್ಧಾಕ್ಷರ ಬಿಟ್ಟು ಎಣಿಸಿ.

ಇಂಗ್ಲಿಷ್ ಕಲಿಸುವ ಮೇಷ್ಟ್ರು, ಮೇಡಂಗಳಲ್ಲಿ ಒಂದು ಕೋರಿಕೆ. ಹೊಸ ಪದವನ್ನು ಬೋರ್ಡಿನ ಮೇಲೆ ಬರೆದಾಗಲೆಲ್ಲ ಅರ್ಥದ ಜೊತೆಗೆ ಆ ಪುಟ್ಟ ನೆಟ್ಟನೆಯ ಗೆರೆಯನ್ನೂ ಹಾಕಿ, ಮಕ್ಕಳಿಂದಲೂ ಹಾಕಿಸಿ.